ಜ್ವರದಲ್ಲಿ ಕೂಸು ನಡುಗಿದರೆ ಕೌದಿಯೂ ಬೇಡ, ತಣ್ಣೀರೂ ಬೇಡ

ಎಂಟು ತಿಂಗಳ ಕೂಸು ಜ್ವರದಲ್ಲಿ ಗಡಗಡ ನಡುಗುತ್ತಿದೆ, ನಡುಕ ನಿಲ್ಲಿಸಲು ಹೊದಿಸಲೋ ತಣ್ಣೀರ ಪಟ್ಟಿ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಬಾಗಲಕೋಟೆಯ ನಮ್ಮ ಮನೆಯಲ್ಲಿ ಇದೇ ಆಗಿತ್ತು.

ಡಿಸೆಂಬರ್ ರಾತ್ರಿ. ನನ್ನ ಮಗಳಿಗೆ ಆಗ ಹತ್ತು ತಿಂಗಳು. ಅಂಗಾಲು ತಣ್ಣಗೆ ಕೊರೆಯುತ್ತಿತ್ತು, ಕೆಳತುಟಿ ಅದುರುತ್ತಿತ್ತು. "ಕೂಸಿಗೆ ಥಂಡಿ ಹತ್ತೇತಿ, ಛಲೋತಂಗ ಹೊಚ್ಚವಾ" ಅಂದರು ಅತ್ತೆ. ಕುಂಚಿಗೆ ಕಟ್ಟಿ, ಸ್ವೆಟರ್ ಹಾಕಿ, ಕೌದಿ ಮೇಲೆ ಕೌದಿ ಹೊಚ್ಚಿದೆ. ನಾನು ಮುಟ್ಟಿ ನೋಡಿದ್ದು ಕಾಲು ಮಾತ್ರ. ಕತ್ತು ಮುಟ್ಟಲಿಲ್ಲ, ಬೆನ್ನು ಮುಟ್ಟಲಿಲ್ಲ. ಎಡವಿದ್ದು ಅಲ್ಲೇ. ಮೈ ಇಷ್ಟು ಬಿಸಿ ಇರಬೇಕು ಅನ್ನೋ ಮಟ್ಟವನ್ನು ಜ್ವರದಲ್ಲಿ ಮಿದುಳೇ ಏರಿಸುತ್ತದೆ. ಆ ಮಟ್ಟ ಮುಟ್ಟಲು ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಕೈಕಾಲು ತಣ್ಣಗಾಗುತ್ತವೆ. ಸ್ನಾಯುಗಳು ನಡುಗಿ ಬಿಸಿ ಹುಟ್ಟಿಸುತ್ತವೆ. ಅಂದರೆ ಕಾಲು ತಣ್ಣಗಿದ್ದಾಗಲೇ ಒಳಗೆ ಜ್ವರ ಏರುತ್ತಿತ್ತು. ಆ ಬಿಸಿ ಹೊರಗೆ ಹೋಗದ ಹಾಗೆ ನಾನೇ ಮುಚ್ಚಿಟ್ಟೆ. ಕೌದಿ ತೆಗೆದಾಗ ಮುಖ ಕೆಂಪಾಗಿತ್ತು, ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಥರ್ಮಾಮೀಟರ್‌ನಲ್ಲಿ 104. ಎದೆಗೆ ಹಚ್ಚಿದರೆ ಹಾಲು ಒಲ್ಲೆ ಅಂತ ಮುಖ ತಿರುಗಿಸಿತು. ಆ ರಾತ್ರಿ ದವಾಖಾನೆಯಲ್ಲೇ ಬೆಳಗಾಯಿತು.

ತಣ್ಣೀರು ಸುರಿದರೂ ಕೆಲಸ ಕೆಡುತ್ತದೆ. ಮಿದುಳು ಬಿಸಿ ಕೇಳುತ್ತಿರುವಾಗ ಚರ್ಮ ತಣ್ಣಗೆ ಮಾಡಿದರೆ ನಡುಕ ಇನ್ನೂ ಜಾಸ್ತಿ. ತೆಳು ಹತ್ತಿ ಅಂಗಿ, ಬೇಕಾದರೆ ಮೇಲೊಂದು ತೆಳು ಬಟ್ಟೆ, ಪದೇ ಪದೇ ಎದೆಹಾಲು. ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎಷ್ಟು ಎಂಎಲ್ ಅನ್ನೋದನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಡ್ರಾಪ್ಸ್ ಸಿರಪ್‌ಗಿಂತ ಬಹಳ ಗಟ್ಟಿ ಇರುತ್ತದೆ, ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಹಾಕಿದರೆ ಅಪಾಯ. ಆಸ್ಪಿರಿನ್ ಮಾತ್ರ ಬೇಡವೇ ಬೇಡ.

ನಿಮ್ಮ ಪ್ರಶ್ನೆಯಲ್ಲೇ ನನಗೊಂದು ತಕರಾರು ಇದೆ. ನಡುಕ ನಿಲ್ಲಿಸುವುದು ನಿಮ್ಮ ಕೆಲಸ ಅಲ್ಲ. ಜ್ವರ ಏರುವುದು ನಿಂತರೆ ಅದು ತಾನೇ ನಿಲ್ಲುತ್ತದೆ. ನೀವು ನೋಡಬೇಕಾದ್ದು ಕೂಸಿನ ಕಣ್ಣು. ಚಳಿಗೆ ನಡುಗುವ ಕೂಸು ನಿಮ್ಮನ್ನು ನೋಡುತ್ತದೆ, ಅಳುತ್ತದೆ, ಕೈ ಮೆತ್ತಗೆ ಹಿಡಿದರೆ ಅದುರು ತಗ್ಗುತ್ತದೆ. ಕಣ್ಣು ಮೇಲೆ ಸಿಕ್ಕಿ, ಕರೆದರೂ ನೋಡದೆ, ಕೈಕಾಲು ಸೆಟೆದು ಒಂದೇ ಸಮ ಜಗ್ಗಿದರೆ ಅದು ಫಿಟ್ಸ್. ಆಗ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ನೀರು, ಔಷಧಿ, ಬೆರಳು ಏನೂ ಹಾಕಬೇಡಿ. ಕೈಗೆ ಕೀಲಿಕೈ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು ಸುಮ್ನೆ ಹೊತ್ತು ಹಾಳು. 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಬೇಗ ನಿಂತರೂ ಅವತ್ತೇ ತೋರಿಸಿ.

ನಡುಕ ಮತ್ತೆ ಮತ್ತೆ ಬರುತ್ತಿದ್ದರೆ ರಕ್ತ, ಮೂತ್ರ ಎರಡೂ ಪರೀಕ್ಷೆ ಮಾಡಿಸಿ. ಮಲೇರಿಯಾ ಅಥವಾ ಮೂತ್ರದ ಸೋಂಕು ಇರಬಹುದು. ಮೂರು ತಿಂಗಳು ತುಂಬದ ಕೂಸಿಗೆ 100.4 ಫ್ಯಾರನ್‌ಹೀಟ್ ಬಂದರೆ ನಡುಕಕ್ಕೆ ಕಾಯಬೇಡಿ, ಆ ಕ್ಷಣವೇ ಹೊರಡಿ.