ಮಾಡು ಮೊದಲು, ಗ್ರಾನೈಟ್ ಆಮೇಲೆ

ಈ ಸಲ ಕೊಡಗಿನಿಂದ ಬಂದ ನಾಲ್ಕು ಪತ್ರಗಳ ವಿಷಯ ಒಂದೇ: ಹಳೆಯ ಚರ್ಚ್ ಕಟ್ಟಡದ ಜೀರ್ಣೋದ್ಧಾರ ಮತ್ತು ಅದಕ್ಕೆ ಬೇಕಾದ ಹಣ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಧರ್ಮಕೇಂದ್ರಗಳ (ಪ್ಯಾರಿಷ್‌ಗಳ) ಹೆಸರನ್ನೂ ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಚರ್ಚ್ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಮಳೆಗಾಲದಲ್ಲಿ ಪೀಠದ ಎಡಬದಿಗೆ ಬಕೆಟ್ ಇಡಬೇಕು. ಗೋಡೆಯ ಬುಡದಲ್ಲಿ ಬಣ್ಣ ಪದರಪದರವಾಗಿ ಏಳುತ್ತಿದೆ. ಕೆಡವಿ ಆರ್‌ಸಿಸಿ ಚರ್ಚ್ ಕಟ್ಟೋಣವೆಂದು ಪಾಲನಾ ಪರಿಷತ್ತಿನಲ್ಲಿ ಅರ್ಧ ಜನ, ಹಿರಿಯರು ಕಟ್ಟಿದ್ದನ್ನು ಮುಟ್ಟಬಾರದೆಂದು ಇನ್ನರ್ಧ ಜನ. ಈ ನಡುವೆ ಕುಟುಂಬವೊಂದು ನೆಲಕ್ಕೆಲ್ಲ ಗ್ರಾನೈಟ್ ಹಾಕಿಸಿಕೊಡುತ್ತೇವೆಂದು ಮುಂದೆ ಬಂದಿದೆ. ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? (ದಕ್ಷಿಣ ಕೊಡಗಿನ ಓದುಗರು)

ಉತ್ತರ: ಮಾಡಿನಿಂದ, ಎಂದರೆ ಹೆಂಚಿನ ಛಾವಣಿಯಿಂದ. ಹಣದ ಮಾತನ್ನು ಆಮೇಲೆ ಆಡೋಣ. ಮೊದಲು ಜೋರು ಮಳೆ ಹಿಡಿದ ಒಂದು ದಿನ ಇಬ್ಬರು, ಅವರಲ್ಲೊಬ್ಬರು ಹಳೆಯ ಕೆಲಸ ಬಲ್ಲ ಬಡಗಿಯಾಗಿರಲಿ, ಟಾರ್ಚ್ ಮತ್ತು ಬಿಳಿ ಸೀಮೆಸುಣ್ಣ ಹಿಡಿದು ಹೆಂಚಿನ ಕೆಳಗೆ ಹತ್ತಿ ಒದ್ದೆಯಾದ ಕಡೆಗೆಲ್ಲ ಗುರುತು ಹಾಕಿ ಬರಬೇಕು. ಮಳೆ ನಿಂತ ಮೇಲೆ ಅದೇ ಗುರುತುಗಳ ಬಳಿ ಪಕಾಸುಗಳಿಗೆ, ಎಂದರೆ ಮಾಡಿನ ಭಾರ ಹೊರುವ ಓರೆ ಮರಗಳಿಗೆ, ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ಗಟ್ಟಿ ಮರವಾದರೆ ಮೊನೆ ಜಾರುತ್ತದೆ. ಕೊಳೆತಿದ್ದರೆ ಹಿಡಿಯವರೆಗೂ ಇಳಿಯುತ್ತದೆ. ಹೆಚ್ಚಿನ ಕಡೆ ಕೊಳೆತಿರುವುದು ಪಕಾಸಿನ ನಡುಭಾಗವಲ್ಲ, ಅದು ಗೋಡೆಯ ತಲೆಯ ಮೇಲೆ ಕೂರುವ ತುದಿ. ಅಂಥ ತುದಿಯನ್ನಷ್ಟೇ ಕತ್ತರಿಸಿ, ಒಣಗಿದ ಅದೇ ಜಾತಿಯ ಮರವನ್ನು ಓರೆಯಾಗಿ ಬೆಸೆದು ಬೋಲ್ಟ್ ಹಾಕಿದರೆ ಇಡೀ ಪಕಾಸನ್ನು ಬದಲಿಸುವ ಅಗತ್ಯವಿಲ್ಲ. ಬಕೆಟ್ ಇಡಬೇಕಾಗಿ ಬಂದಿದೆ ಎಂಬ ಕಾರಣಕ್ಕೇ ಕಟ್ಟಡ ಕೆಡವುವ ಮಾತಿಗೆ ಬಂದ ಪರಿಷತ್ತುಗಳನ್ನು ನಾನು ಕಂಡಿದ್ದೇನೆ. ಆ ಬಕೆಟ್ಟಿನ ಮೇಲಿದ್ದದ್ದು ಆರೇಳು ಒಡೆದ ಹೆಂಚು ಮತ್ತು ಎಲೆ ಕಟ್ಟಿಕೊಂಡ ಒಂದು ಮಳೆನೀರಿನ ದೋಣಿ, ಅಷ್ಟೇ.

ಗೋಡೆಯ ವಿಷಯಕ್ಕೆ ಬಂದರೆ, ನೀವು ಬರೆದ ಲಕ್ಷಣ ನೋಡಿದಾಗ ನನ್ನ ಅನುಮಾನ ಸಿಮೆಂಟಿನ ಮೇಲೆ. ನಿಮ್ಮದು ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯಾಗಿದ್ದರೆ, ಅದು ನೆಲದಿಂದ ಮತ್ತು ಮಳೆಯಿಂದ ನೀರು ಹೀರುವುದೂ ಬಿಸಿಲು ಬಿದ್ದಾಗ ಸುಣ್ಣದ ಗಿಲಾವಿನ ಮೂಲಕ ಅದನ್ನು ಹೊರಗೆ ಬಿಟ್ಟು ಆರುವುದೂ ಸಹಜ. ಅದರ ಮೇಲೆ ಸಿಮೆಂಟ್ ಗಿಲಾವು ಹೊದಿಸಿ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ನೀರು ಒಳಗೇ ಉಳಿದು ಮೇಲೇರುತ್ತದೆ. ಅದರೊಂದಿಗೆ ಬರುವ ಉಪ್ಪು ಬಣ್ಣವನ್ನು ಎಬ್ಬಿಸುತ್ತದೆ. ತೇವ ಗೋಡೆಯ ತಲೆಯನ್ನು ಮುಟ್ಟಿದರೆ ಪಕಾಸಿನ ತುದಿಯೂ ಕೊಳೆಯುತ್ತದೆ. ಇದನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ನಾನು ಹಣಕಾಸು ಸಮಿತಿಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ಹಬ್ಬದೊಳಗೆ ಚರ್ಚ್ ಹೊಸದಾಗಿ ಕಾಣಬೇಕೆಂಬ ಅವಸರಕ್ಕೆ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲಿನ ಮಟ್ಟಕ್ಕಿದ್ದ ತೇವದ ಗೆರೆ ಎದೆಮಟ್ಟಕ್ಕೆ ಏರಿತ್ತು. ಆ ಗಿಲಾವನ್ನು ಕಿತ್ತು ತೆಗೆಯಲು ಕೊಟ್ಟ ಕೂಲಿ ಅದನ್ನು ಹಾಕಲು ಕೊಟ್ಟ ಕೂಲಿಗಿಂತ ಹೆಚ್ಚಾಯಿತು. ಹಾಕಿಸೋಣವೆಂದು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಆದ್ದರಿಂದ ಗ್ರಾನೈಟ್ ಕೊಡಲು ಬಂದ ಕುಟುಂಬಕ್ಕೆ ಈಗ ಬೇಡವೆನ್ನಿ, ಗೌರವದಿಂದಲೇ ಹೇಳಿ. ಒದ್ದೆ ನೆಲವನ್ನು ಗೋಡೆಯಿಂದ ಗೋಡೆಗೆ ಗ್ರಾನೈಟ್ ಹಾಸಿ ಮುಚ್ಚಿದರೆ ಅಡಿಯ ತೇವಕ್ಕೆ ಗೋಡೆಯನ್ನು ಬಿಟ್ಟರೆ ಬೇರೆ ದಾರಿ ಉಳಿಯುವುದಿಲ್ಲ. ಅದೇ ಹಣವನ್ನು ಅವರು ಮಾಡಿಗೆ ಕೊಡಲು ಒಪ್ಪುವರೇ ಎಂದು ಕೇಳಿ ನೋಡಿ. ಒಪ್ಪದಿರಲೂಬಹುದು, ಏಕೆಂದರೆ ಕಣ್ಣಿಗೆ ಕಾಣುವ ನೆಲಕ್ಕೆ ದಾನಿಗಳು ಸಿಕ್ಕುವಷ್ಟು ಸುಲಭವಾಗಿ ಹೆಂಚಿನಡಿಯ ಮರದ ಪಟ್ಟಿಯಾದ ರೀಪಿಗೆ ಸಿಕ್ಕುವುದಿಲ್ಲ. ಇದಕ್ಕೆ ಹಲವರು ಕಂಡುಕೊಂಡಿರುವ ಉಪಾಯವೆಂದರೆ ಹೆಂಚನ್ನೇ ಲೆಕ್ಕಕ್ಕೆ ತರುವುದು. ಮಂಗಳೂರು ಹೆಂಚು ಒಂದು ಚದರಕ್ಕೆ, ಎಂದರೆ 100 ಚದರಡಿಗೆ, ಸುಮಾರು 150 ಬೇಕು. ನಿಮ್ಮ ಮಾಡು ಎಷ್ಟು ಚದರವೆಂದು ಅಳೆದು, ಒಂದು ಹೆಂಚಿಗೆ ರೀಪು, ಕೂಲಿ, ಸಾಗಣೆಯೂ ಸೇರಿ ಇಷ್ಟು ಎಂದು ಬೆಲೆ ಕಟ್ಟಿದರೆ, ಒಂದು ಹೆಂಚು ಕೊಡುವವರಿಗೂ ಒಂದು ಚದರ ಕೊಡುವವರಿಗೂ ತಾವು ಕೊಟ್ಟದ್ದು ಎಲ್ಲಿ ಕೂತಿದೆ ಎಂದು ತಲೆಯೆತ್ತಿ ನೋಡಲು ಸಾಧ್ಯವಾಗುತ್ತದೆ.

ಕೆಡವುವುದೇ ಬೇಡವೇ ಎಂಬುದು ಮತದಿಂದ ತೀರುವ ಮಾತಲ್ಲ. ಕಥೋಲಿಕ ಧರ್ಮಸಭೆಯ ನಿಯಮಗ್ರಂಥವಾದ 1983ರ ಕ್ಯಾನನ್ ಕಾನೂನು ಸಂಹಿತೆಯ ಪ್ರಕಾರ ಪಾಲನಾ ಪರಿಷತ್ತು ಸಲಹೆ ಕೊಡುವ ಸಭೆ. ಹೊಸ ಚರ್ಚ್ ಕಟ್ಟಲು ಧರ್ಮಾಧ್ಯಕ್ಷರ (ಬಿಷಪ್ಪರ) ಲಿಖಿತ ಒಪ್ಪಿಗೆ ಬೇಕೆಂದು 1215ನೆಯ ವಿಧಿ ಹೇಳುತ್ತದೆ. ಕಟ್ಟುವಾಗಲೂ ದುರಸ್ತಿ ಮಾಡುವಾಗಲೂ ಬಲ್ಲವರ ಸಲಹೆ ಪಡೆಯಬೇಕೆಂದು 1216ನೆಯದು ಹೇಳುತ್ತದೆ. ಪೀಠದ ಹಿಂದಿನ ಹಳೆಯ ಪ್ರತಿಮೆಗಳಿಗೆ ಬಣ್ಣ ಬಳಿಸುವ ಯೋಚನೆಯೂ ಇದ್ದರೆ 1189ನೆಯ ವಿಧಿಯನ್ನು ನೋಡಿ: ಹಳೆಯದಾದ, ಕಲೆಯ ದೃಷ್ಟಿಯಿಂದ ಅಥವಾ ಭಕ್ತಿಯ ದೃಷ್ಟಿಯಿಂದ ಬೆಲೆಯುಳ್ಳ ಪ್ರತಿಮೆಗಳನ್ನು ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡುವಂತಿಲ್ಲ. ಕೊಡಗು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿರುವುದರಿಂದ ಕಾಗದಪತ್ರವೆಲ್ಲ ಅಲ್ಲಿಗೇ ಹೋಗಬೇಕು. ಹಳೆಯ ಕಟ್ಟಡಗಳ ಕೆಲಸ ಬಲ್ಲ ಎಂಜಿನಿಯರ್ ಒಬ್ಬರ ವರದಿ ಆ ಅರ್ಜಿಯ ಜೊತೆಗಿದ್ದರೆ ನಿಮ್ಮ ಪರಿಷತ್ತಿನ ಎರಡು ಗುಂಪುಗಳೂ ವಾದಿಸುವುದಕ್ಕೆ ಊಹೆಯ ಬದಲು ಒಂದು ಕಾಗದವಾದರೂ ಸಿಗುತ್ತದೆ.

ಇನ್ನು ಕಾಲದ ಲೆಕ್ಕ. ಮಾಡು ಬಿಚ್ಚಲು ನಮ್ಮ ಜಿಲ್ಲೆಯಲ್ಲಿ ಸಿಗುವುದು ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳು, ಅದರ ನಡುವೆ ಕಾಫಿಯನ್ನು ಅರಳಿಸುವ ಹೂಮಳೆಯೂ ಬರುತ್ತದೆ. ತೋಟದವರ ಕೈಗೆ ಕಾಫಿಯ ಹಣ ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಕೊಯ್ಲಿನ ಕಾರಣಕ್ಕೆ ಕೆಲಸಗಾರರು ಸಿಗದಿರುವುದೂ ಅದೇ ಹೊತ್ತಿಗೆ. ಹಾಗಾಗಿ ಈ ವರ್ಷದ ಫಸಲಿನ ಹಣ ಕೂಡಿಟ್ಟು ಮುಂದಿನ ಜನವರಿಗೆ ಕೆಲಸ ಹಿಡಿಯುವುದು ಕ್ಷೇಮ. ಅರ್ಧ ಹಣಕ್ಕೆ ಹೆಂಚು ಇಳಿಸಿ, ಉಳಿದದ್ದಕ್ಕೆ ದೇವರಿದ್ದಾನೆ ಎಂದುಕೊಂಡು ಜೂನ್ ತಿಂಗಳಲ್ಲಿ ಟಾರ್ಪಾಲಿನ ಕೆಳಗೆ ಬಲಿಪೂಜೆ ಮಾಡುವ ಸ್ಥಿತಿ ಬೇಡ. ಅಂದಾಜು ಪಟ್ಟಿಯ ಮೇಲೆ ಐದನೆಯ ಒಂದು ಪಾಲನ್ನು ಹೆಚ್ಚಿಗೆ ಇಟ್ಟುಕೊಳ್ಳಿ, ಏಕೆಂದರೆ ಹಳೆಯ ಮಾಡು ತೆರೆದ ಮೇಲೆ ಪಟ್ಟಿಯಲ್ಲಿಲ್ಲದ ಗೆದ್ದಲು ಸಿಕ್ಕೇ ಸಿಗುತ್ತದೆ.

ಪ್ರಶ್ನೆ: ನಮ್ಮ ಧರ್ಮಕೇಂದ್ರದಲ್ಲಿ ಹೆಚ್ಚಿನವರು ಎಸ್ಟೇಟ್ ಲೈನಿನಲ್ಲಿರುವ ಕಾರ್ಮಿಕರು. ಜೀರ್ಣೋದ್ಧಾರಕ್ಕೆ ಮನೆಗಿಷ್ಟು ಎಂದು ಕಡ್ಡಾಯ ವಂತಿಗೆ ಹಾಕಿದ್ದಾರೆ. ಕೊಡದವರಿಗೆ ಮದುವೆಯ ಕಾಗದ ಕೊಡುವುದಿಲ್ಲವೆಂದು ಸಮಿತಿಯವರು ಹೇಳುತ್ತಾರೆ. ಊರಿನ ಇತರ ಧರ್ಮದವರನ್ನು ಕೇಳೋಣವೆಂದರೆ ಅದು ಅವಮಾನವಂತೆ. (ಸಿದ್ದಾಪುರ ಕಡೆಯ ಓದುಗರು)

ಉತ್ತರ: ಮದುವೆಯ ಕಾಗದ ತಡೆಯುವ ಮಾತು ತಪ್ಪು. ಬಡತನದ ಕಾರಣಕ್ಕೆ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ಗುರುಗಳು ಸದಾ ಎಚ್ಚರ ವಹಿಸಬೇಕೆಂದು 848ನೆಯ ವಿಧಿ ಹೇಳುತ್ತದೆ. ಶವಸಂಸ್ಕಾರದ ವಿಷಯದಲ್ಲಿ 1181ನೆಯ ವಿಧಿಯೂ ಹಾಗೆಯೇ ಹೇಳುತ್ತದೆ. ಸಮಿತಿಯವರು ಹೀಗೆ ಹೇಳುತ್ತಿರುವುದು ಗುರುಗಳ ಕಿವಿಗೆ ಬಿದ್ದಿದೆಯೇ ಎಂದು ಮೊದಲು ವಿಚಾರಿಸಿ. ಬಿದ್ದಿರಲಾರದು ಎಂಬುದು ನನ್ನ ಊಹೆ.

ಬಟವಾಡೆಯ ದಿನ ಅಂಗಡಿಯ ಸಾಲ ತೀರಿಸಿ ಉಳಿದದ್ದರಲ್ಲಿ ವಾರ ಕಳೆಯುವ ಮನೆಗೂ ಹತ್ತಾರು ಎಕರೆ ತೋಟವಿರುವ ಮನೆಗೂ ಒಂದೇ ಮೊತ್ತ ಹಾಕುವುದು ಸಮಾನತೆಯಂತೆ ಕಂಡರೂ ಸಮಾನತೆಯಲ್ಲ. ತೋಟದವರು ಎಕರೆಯ ಲೆಕ್ಕದಲ್ಲಿಯೋ ಮೂಟೆಯ ಲೆಕ್ಕದಲ್ಲಿಯೋ ಕೊಡಲಿ; ಲೈನ್ ಮನೆಯವರು ಕೊಡಲು ಇಚ್ಛಿಸಿದರೆ ಒಂದು ಭಾನುವಾರದ ಶ್ರಮದಾನ ಕೊಡಲಿ, ಹೆಂಚು ಇಳಿಸಿ ತೊಳೆದು ಪಾಚಿ ಉಜ್ಜುವ ಕೆಲಸಕ್ಕೆ ಬೇಕಾದ ಕೈಗಳು ಕಡಿಮೆಯಲ್ಲ. ಆ ದಿನದ ಕೂಲಿಯ ಬೆಲೆಯನ್ನು ಕಾಣಿಕೆಯ ಪುಸ್ತಕದಲ್ಲಿ ಅವರ ಹೆಸರಿನ ಮುಂದೆಯೇ ಬರೆಯಬೇಕು. ಇದರ ಜೊತೆಗೆ ಬಲಿಪೂಜೆಯ ನಂತರದ ಹರಾಜು ಇದ್ದೇ ಇದೆ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಬಂದ ಒಂದು ಬಾಳೆಗೊನೆಯನ್ನು ಮೂವರು ಕೊಂಡು ಮೂವರೂ ಮತ್ತೆ ಚರ್ಚ್‌ಗೇ ಬಿಟ್ಟುಕೊಟ್ಟು, ನಾಲ್ಕನೆಯ ಸಲ ಅದು ಮೂಲ ಬೆಲೆಯ ಎಷ್ಟೋ ಪಟ್ಟಿಗೆ ಹೋದದ್ದನ್ನು ನಾನೇ ನಿಂತು ನೋಡಿದ್ದೇನೆ. ಕೊನೆಗೆ ಗೊನೆ ಹಣ್ಣಾಗಿ ಅಲ್ಲಿದ್ದ ಮಕ್ಕಳ ಪಾಲಾಯಿತು.

ಇತರ ಧರ್ಮದವರ ಬಳಿ ಕೇಳುವುದು ಅವಮಾನವೆನ್ನುವ ನಿಮ್ಮ ಹಿರಿಯರಿಗೆ ವಿರಾಜಪೇಟೆಯ ಕಥೆಯನ್ನು ನೆನಪಿಸಿ. ಟಿಪ್ಪುವಿನ ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಕ್ರೈಸ್ತರಿಗೆ ಆಶ್ರಯ ಕೊಟ್ಟು ನೆಲೆ ನಿಲ್ಲಿಸಿದವನು ಹಾಲೇರಿ ವಂಶದ ದೊಡ್ಡವೀರರಾಜೇಂದ್ರ, ಒಬ್ಬ ಲಿಂಗಾಯತ ಅರಸು. ಅಲ್ಲಿನ ಸಂತ ಅನ್ನಮ್ಮನವರ ಚರ್ಚ್ 1792ರಷ್ಟು ಹಿಂದಿನದು, ಎಂದರೆ ಊರಿನಷ್ಟೇ ಹಳೆಯದು. ನಮ್ಮ ಧರ್ಮಪ್ರಾಂತ್ಯದ ಪ್ರಧಾನಾಲಯವಾದ ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ಗೆ 1933ರಲ್ಲಿ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಕೇಳುವ ಕ್ರಮ ಮಾತ್ರ ಸರಿಯಿರಬೇಕು: ಗುರುಗಳ ಸಹಿಯ ಪತ್ರ, ಕ್ರಮಸಂಖ್ಯೆಯಿರುವ ರಸೀದಿ ಪುಸ್ತಕ, ಧರ್ಮಕೇಂದ್ರದ ಹೆಸರಿನ ಖಾತೆ. ಯಾರೋ ಒಬ್ಬರ ಸ್ವಂತ ಮೊಬೈಲಿನ ಕ್ಯೂಆರ್ ಕೋಡ್ ಹಿಡಿದು ಮನೆಮನೆಗೆ ಹೋಗುವುದನ್ನು ಇಂದೇ ನಿಲ್ಲಿಸಿ.

ಸರ್ಕಾರದ ಕಡೆಯಿಂದಲೂ ಒಂದು ದಾರಿಯಿದೆ. ಚರ್ಚ್ ದುರಸ್ತಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಅನುದಾನ ಕೊಡುತ್ತ ಬಂದಿದೆ. ಮಡಿಕೇರಿಯ ಜಿಲ್ಲಾ ಕಚೇರಿಯಲ್ಲಿ ಈ ಸಾಲಿನ ಅರ್ಜಿ ಕರೆದಿದ್ದಾರೆಯೇ ಎಂದು ವಿಚಾರಿಸಿ. ಜಾಗದ ದಾಖಲೆ, ಅಂದಾಜು ಪಟ್ಟಿ, ಕಟ್ಟಡದ ಫೋಟೊಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಆ ಹಣ ಬಂದೇ ಬರುತ್ತದೆಂದು ನಂಬಿ ಮಾಡು ಮಾತ್ರ ಬಿಚ್ಚಬೇಡಿ.

ಪ್ರಶ್ನೆ: ನಮ್ಮ ಊರಿನ ಹಲವರು ದುಬೈ, ಕುವೈತ್‌ಗಳಲ್ಲಿದ್ದಾರೆ, ನನ್ನ ಅಣ್ಣ ಕೆನಡಾದ ಪೌರತ್ವ ಪಡೆದಿದ್ದಾನೆ. ಎಲ್ಲರೂ ಚರ್ಚ್ ಖಾತೆಗೆ ನೇರವಾಗಿ ಹಣ ಹಾಕಲು ಸಿದ್ಧರಿದ್ದಾರೆ. ತೆರಿಗೆ ವಿನಾಯಿತಿಯ ರಸೀದಿಯನ್ನೂ ಕೇಳುತ್ತಿದ್ದಾರೆ. ಕೊಡಬಹುದೇ? (ಸುಂಟಿಕೊಪ್ಪ ಕಡೆಯ ಓದುಗರು)

ಉತ್ತರ: ದುಬೈ, ಕುವೈತ್‌ನವರ ಹಣಕ್ಕೂ ನಿಮ್ಮ ಅಣ್ಣನ ಹಣಕ್ಕೂ ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸವಿದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡೇ ಹೊರದೇಶದಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಎನಿಸುವುದಿಲ್ಲ. ಅವರ ಪಾಸ್‌ಪೋರ್ಟಿನ ಒಂದು ಪ್ರತಿಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಬೇರೆ ದೇಶದ ಪೌರತ್ವ ಪಡೆದವರು, ಅವರ ಬಳಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕೊಡುವುದು ವಿದೇಶಿ ವಂತಿಗೆಯೇ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯನ್ನೋ ಪೂರ್ವಾನುಮತಿಯನ್ನೋ ಪಡೆದ ಸಂಸ್ಥೆ ಮಾತ್ರ ಅದನ್ನು ಸ್ವೀಕರಿಸಬಹುದು; ಅದೂ 2020ರ ತಿದ್ದುಪಡಿಯ ನಂತರ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ತೆರೆದ ಖಾತೆಗೇ ಬರಬೇಕು. ಹೀಗೆ ಪಡೆದ ಸಂಸ್ಥೆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಅಣ್ಣ ನಿಮ್ಮ ಖಾತೆಗೆ ಹಾಕಿ, ನೀವು ಚರ್ಚ್ ಖಾತೆಗೆ ಹಾಕುವ ಒಳದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ತನಿಖೆ ಬಂದರೆ ಉತ್ತರ ಹೇಳಬೇಕಾದವರು ನಿಮ್ಮ ಗುರುಗಳು. ಅಣ್ಣನ ಆಸೆಯನ್ನು ಧರ್ಮಾಧ್ಯಕ್ಷರ ಕಚೇರಿಗೆ ಬರೆದು ತಿಳಿಸಿ, ಅಲ್ಲಿ ಹೇಳಿದಂತೆ ನಡೆಯಿರಿ.

ನಾವು 80ಜಿ ಎಂದು ಕರೆಯುತ್ತ ಬಂದ ವಿನಾಯಿತಿ ಎಲ್ಲ ಚರ್ಚ್‌ಗಳಿಗೂ ಸಿಗುವಂಥದ್ದಲ್ಲ. ಐತಿಹಾಸಿಕ, ಪುರಾತತ್ವ ಅಥವಾ ಕಲೆಯ ಮಹತ್ವವುಳ್ಳದ್ದೆಂದೋ ರಾಜ್ಯದುದ್ದಕ್ಕೂ ಹೆಸರಾದ ಆರಾಧನಾ ಸ್ಥಳವೆಂದೋ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚ್‌ಗಳ ದುರಸ್ತಿಗೆ ಕೊಟ್ಟ ಹಣಕ್ಕೆ ಅದು ಸಲ್ಲುತ್ತದೆ. ನಿಮ್ಮ ಚರ್ಚ್ ಆ ಪಟ್ಟಿಯಲ್ಲಿಲ್ಲದಿದ್ದರೆ ಬರಿಯ ರಸೀದಿ ಕೊಡಿ, ವಿನಾಯಿತಿಯ ಮಾತು ಎತ್ತಬೇಡಿ.

ಪ್ರಶ್ನೆ: ಸಹಾಯಾರ್ಥ ಲಾಟರಿ ಟಿಕೆಟ್ ಮಾಡಿಸಬಹುದೇ? ಪೀಠಕ್ಕೆ ತೋಟದ ಬೀಟೆ ಮರ ಕೊಡುತ್ತೇನೆಂದು ಒಬ್ಬರು ಹೇಳಿದ್ದಾರೆ, ಪಡೆಯಬಹುದೇ? ಮಾಡಿಗೆಂದು ಕೂಡಿಸಿದ ಹಣ ಉಳಿದರೆ ಸಮುದಾಯ ಭವನಕ್ಕೆ ಬಳಸಬಹುದೇ? (ಸೋಮವಾರಪೇಟೆ ಕಡೆಯ ಓದುಗರು)

ಉತ್ತರ: ಲಾಟರಿ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಲಕ್ಕಿ ಡ್ರಾ ಎಂದು ಹೆಸರು ಬದಲಿಸಿದ ಮಾತ್ರಕ್ಕೆ ಅದು ಬೇರೆಯಾಗುವುದಿಲ್ಲ.

ಬೀಟೆಯ ವಿಷಯದಲ್ಲಿ ಕೊಡುವವರ ಮನಸ್ಸು ದೊಡ್ಡದಿದ್ದರೂ ಆ ಮರ ಅವರದೇ ಹೌದೇ ಎಂದು ನೋಡಬೇಕು. ಕೊಡಗಿನಲ್ಲಿ ಭೂಮಿ ರಿಡೀಮ್ ಆಗಿರದಿದ್ದರೆ, ಎಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡಿರದಿದ್ದರೆ, ಅದರಲ್ಲಿರುವ ಇಂಥ ಮರದ ಹಕ್ಕು ಸರ್ಕಾರದ್ದು, ಬೆಲೆ ಕಟ್ಟಬೇಕಾಗುತ್ತದೆ. ರಿಡೀಮ್ ಆಗಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬಿಚ್ಚಿದ ಹಳೆಯ ಮನೆಯ ಒಣಗಿದ ಹಲಸಿನ ತೊಲೆಗಳು ಯಾರಲ್ಲಾದರೂ ಇವೆಯೇ ಎಂದು ಕೇಳಿ. ಪೀಠಕ್ಕೆ ಹಲಸೇನೂ ಕಡಿಮೆಯ ಮರವಲ್ಲ.

ಉಳಿದ ಹಣದ ಪ್ರಶ್ನೆಗೆ 1267ನೆಯ ವಿಧಿಯ ಉತ್ತರ ಸ್ಪಷ್ಟವಾಗಿದೆ: ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು. ಮಾಡಿನ ಹಣ ಮಾಡಿನದೇ. ಅದನ್ನು ಪ್ರತ್ಯೇಕ ಖಾತೆಯಲ್ಲಿ ಬಿಟ್ಟರೆ ವರ್ಷಕ್ಕೊಮ್ಮೆ ದೋಣಿ ಬಳಿಯುವ, ಒಡೆದ ಹೆಂಚು ಬದಲಿಸುವ ಖರ್ಚಿಗೆ ಆಗುತ್ತದೆ. ಭವನ ಕಟ್ಟಲೇಬೇಕೆಂದಿದ್ದರೆ ಅದಕ್ಕೆ ಬೇರೆಯಾಗಿ ಕೇಳಿ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯ ವಿಧಿಯೂ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿಯೂ ಹೇಳುವುದರಿಂದ, ತಿಂಗಳ ಮೊದಲ ಭಾನುವಾರ ಬಂದದ್ದೆಷ್ಟು, ಹೋದದ್ದೆಷ್ಟು, ಯಾವ ಬಿಲ್ಲಿಗೆ ಎಂಬ ಒಂದು ಹಾಳೆಯನ್ನು ಬಾಗಿಲ ಬಳಿಯ ಹಲಗೆಗೆ ಅಂಟಿಸಿ. ಕನ್ನಡದಲ್ಲಿಯೂ, ತಮಿಳು ಮತ್ತು ಮಲಯಾಳ ಓದುವವರಿದ್ದರೆ ಅವರ ಭಾಷೆಯಲ್ಲಿಯೂ, ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.