ಬೆಟ್ಟದ ಇಳಿಜಾರಿನ ಸ್ಪ್ರೂಸ್, ಪೈನ್ ಮುಂತಾದ ಸೂಜಿಯೆಲೆ ಮರಗಳ ನೆಡುತೋಪಿನಲ್ಲಿ ಕೆಲವನ್ನು ಕಡಿದು ವಿರಳಗೊಳಿಸಿದರೆ ಉಳಿದವು ಗಾಳಿಗೆ ಬೀಳುವುದಿಲ್ಲವೇ?

ನಿಮ್ಮ ಅಳುಕಿನಲ್ಲಿ ಹುರುಳಿದೆ. ತಡವಾಗಿ, ಒಮ್ಮೆಲೇ ಕಡಿದರೆ ಉಳಿದ ಮರಗಳು ಬೀಳುವ ಅಪಾಯ ಹೆಚ್ಚು. ಬೇಗ ಶುರುಮಾಡಿ, ಸ್ವಲ್ಪಸ್ವಲ್ಪವೇ ಕಡಿದರೆ ಅವೇ ಗಟ್ಟಿಯಾಗುತ್ತವೆ.

2 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿಗಳು. ಆರಂಭದಲ್ಲಿ ಈ ದಟ್ಟಣೆ ಒಳ್ಳೆಯದೇ. ಕಳೆ ಅಡಗುತ್ತದೆ, ಕಾಂಡ ನೆಟ್ಟಗೆ ಏರುತ್ತದೆ. ಕೊಂಬೆಗಳು ಒಂದಕ್ಕೊಂದು ತಾಗಿದ ಮೇಲೆ ಮಾತ್ರ ಪೈಪೋಟಿ ಬಿಗಿಯಾಗುತ್ತದೆ. ಬೆಳಕಿಗಾಗಿ ಮರಗಳು ಉದ್ದವಾಗುತ್ತವೆಯೇ ಹೊರತು ದಪ್ಪವಾಗುವುದಿಲ್ಲ. ಅಂಥ ತೋಪಿನೊಳಗೆ ನಿಂತು ತಲೆಯೆತ್ತಿ ನೋಡಿ: ಕೆಳಗೆಲ್ಲ ಒಣಗಿದ ಕಡ್ಡಿಕೊಂಬೆ, ತುದಿಯಲ್ಲಿ ಒಂದು ಹಿಡಿ ಹಸಿರು, ನೆಲದಲ್ಲಿ ಸೂಜಿಯೆಲೆಗಳ ಹಾಸು ಬಿಟ್ಟರೆ ಒಂದು ಹುಲ್ಲೂ ಇಲ್ಲ.

ಮರ ಎಷ್ಟು ಗಟ್ಟಿ ಎಂದು ಅಂದಾಜಿಸಲು ಅದರ ಎತ್ತರವನ್ನು ಎದೆಮಟ್ಟದ ವ್ಯಾಸದಿಂದ ಭಾಗಿಸಿ, ಎರಡೂ ಒಂದೇ ಅಳತೆಯಲ್ಲಿರಲಿ. 20 ಮೀಟರ್ ಎತ್ತರದ ಮರ 25 ಸೆಂಟಿಮೀಟರ್ ದಪ್ಪವಿದ್ದರೆ ಉತ್ತರ 80. 20 ಸೆಂಟಿಮೀಟರ್ ಇದ್ದರೆ 100. ಸಾಮಾನ್ಯವಾಗಿ 80ರ ಕೆಳಗಿದ್ದರೆ ನೆಮ್ಮದಿ. 100ರ ಹತ್ತಿರ ಬಂದರೆ ಒದ್ದೆ ಹಿಮದ ಭಾರಕ್ಕೇ ಕಾಂಡ ಮುರಿಯಬಹುದು. ನಾನಂತೂ ಇದರ ಜೊತೆಗೆ ಹಸಿರು ತಲೆಯನ್ನೂ ನೋಡುತ್ತೇನೆ: ಅದು ಮರದ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಲು ಬಿಡಬಾರದು.

ಬಾಗಿದ, ಗಾಯಗೊಂಡ, ಕವಲೊಡೆದ ಮರಗಳನ್ನು ಮೊದಲು ತೆಗೆಯಿರಿ. ಆಮೇಲೆ, ಉಳಿಸಬೇಕಾದ ಒಳ್ಳೆಯ ಮರವನ್ನು ಒತ್ತುತ್ತಿರುವ ನೆರೆಯ ಮರವನ್ನು. ಗಾಳಿ ಬೀಸುವ ಅಂಚಿನ ಸಾಲನ್ನು ದಯವಿಟ್ಟು ಮುಟ್ಟಬೇಡಿ. ಬಾಲ್ಯದಿಂದಲೂ ಗಾಳಿಗೆ ಒಡ್ಡಿಕೊಂಡು ಬೇರು ಬಲಿತ ಆ ಮರಗಳೇ ಒಳಗಿನವಕ್ಕೆ ಗೋಡೆ. ಕಡಿದಾದ ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಉದ್ದನೆಯ ಬಯಲು ಬಿಟ್ಟರೆ ಹಿಮಕುಸಿತಕ್ಕೆ ದಾರಿ ಮಾಡಿಕೊಟ್ಟಂತೆ. ಕಡಿದ ಸ್ಪ್ರೂಸ್ ದಿಮ್ಮಿಗಳನ್ನು ಬೇಸಿಗೆಗೆ ಮುನ್ನವೇ ಸಾಗಿಸಿ, ಇಲ್ಲವೇ ತೊಗಟೆ ಸುಲಿದುಬಿಡಿ. ತೊಗಟೆ ಜೀರುಂಡೆಗಳು ಮರಿಮಾಡುವುದು ಅವುಗಳಲ್ಲೇ.