ಮ್ಯಾಡೆಲಿನ್ ದೆವ್ವವೋ, ಬದುಕಿದ್ದವಳೋ?

ಪ್ರಶ್ನೆ: ಎಡ್ಗರ್ ಅಲನ್ ಪೋ ಬರೆದ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್’ ಓದಿದೆ. ಸತ್ತಳೆಂದು ನೆಲಮಾಳಿಗೆಯಲ್ಲಿ ಇಟ್ಟ ಮ್ಯಾಡೆಲಿನ್ ಕೊನೆಗೆ ರಕ್ತದ ಬಟ್ಟೆಯಲ್ಲಿ ಬಂದು ನಿಲ್ಲುತ್ತಾಳಲ್ಲ, ಅವಳು ದೆವ್ವವಾ? ಅಥವಾ ಜೀವ ಇದ್ದಾಗಲೇ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರಾ?

ಉತ್ತರ: ಜೀವ ಇತ್ತು ಅಂತಲೇ ನಾನು ಓದುತ್ತೇನೆ. ಅದಕ್ಕೆ ಪೋ ಮೊದಲೇ ದಾರಿ ಮಾಡಿಟ್ಟಿದ್ದಾರೆ. ಅವಳಿಗಿದ್ದದ್ದು ಕ್ಯಾಟಲೆಪ್ಸಿಯಂಥ ಕಾಯಿಲೆ. ಮೈ ಮರಗಟ್ಟಿ, ನೋಡಿದವರಿಗೆ ಸತ್ತಂತೆಯೇ ಕಾಣುತ್ತದೆ. ಕಥೆ ಬಂದದ್ದು 1839ರಲ್ಲಿ. ಜೀವಂತ ಹೂತುಬಿಟ್ಟಾರು ಎಂಬ ಹೆದರಿಕೆ ಆಗಿನ ಜನರಿಗೆ ನಿಜವಾಗಿಯೂ ಇತ್ತು. 1844ರಲ್ಲಿ ಪೋ ಅದರ ಮೇಲೆಯೇ ಇನ್ನೊಂದು ಕಥೆ ಬರೆದರು.

ಆದರೆ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ, ಅಲ್ವಾ? ಮುಚ್ಚಳಕ್ಕೆ ಸ್ಕ್ರೂ ಹಾಕಿದ್ದರು. ಆಚೆ ಭಾರೀ ಕಬ್ಬಿಣದ ಬಾಗಿಲು. ಮೊದಲೇ ಸೊರಗಿದ್ದ ಹೆಂಗಸು ಏಳೆಂಟು ದಿನ ಅನ್ನ ನೀರಿಲ್ಲದೆ ಇದ್ದು ಅದೆಲ್ಲ ಒಡೆದು ಬಂದಳು ಅಂದರೆ ನಂಬುವುದು ಕಷ್ಟ. ಆ ಜಾಗದಲ್ಲಿ ಹಿಂದೆ ಸಿಡಿಮದ್ದು ಇಡುತ್ತಿದ್ದರಂತೆ. ಕೊನೆಗೆ ಮನೆ ಕುಸಿದು ಬಿದ್ದದ್ದು ಅದರಿಂದಲೇ ಎನ್ನುವವರೂ ಇದ್ದಾರೆ. ನನಗೆ ಅದು ಎಳೆದು ತಂದ ಕಾರಣ ಅನಿಸುತ್ತದೆ. ಮನೆಯ ಸೂರಿನಿಂದ ಪಕ್ಕದ ಕೊಳದ ನೀರಿನವರೆಗೆ ಇಳಿದ ಸಣ್ಣ ಬಿರುಕನ್ನು ಮೊದಲ ಪುಟಗಳಲ್ಲೇ ತೋರಿಸಿದ್ದಾರಲ್ಲ.

ಗೋಥಿಕ್ ಕಥೆಗಳಲ್ಲಿ, ಅಂದರೆ ಹಳೇ ಕೋಟೆ, ಪಾಳುಮನೆಗಳ ಭಯದ ಕಥೆಗಳಲ್ಲಿ, ಎರಡು ದಾರಿ ಮೊದಲಿಂದಲೂ ಇವೆ: ಅಲೌಕಿಕವನ್ನು ಹಾಗೇ ಬಿಡುವುದು, ಇಲ್ಲವೇ ಕೊನೆಗೆ ಕಾರಣ ಹೇಳುವುದು. ಹೊರೇಸ್ ವಾಲ್ಪೋಲ್ ಅವರ 1764ರ ಕಾದಂಬರಿಯಲ್ಲಿ ಆಕಾಶದಿಂದ ದೈತ್ಯ ಶಿರಸ್ತ್ರಾಣವೇ ಬೀಳುತ್ತದೆ. ಯಾಕೆ ಅಂತ ಕೇಳುವ ಹಾಗಿಲ್ಲ. 1794ರ ಕಾದಂಬರಿಯಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ ಪರದೆಯ ಹಿಂದಿನ ಭಯಂಕರ ರೂಪ ಬರೀ ಮೇಣದ ಗೊಂಬೆ ಅಂತ ಕೊನೆಗೆ ಬಿಡಿಸಿ ಹೇಳಿದರು. ಪೋ ಕಾರಣಗಳನ್ನು ಕೊಡುತ್ತಾರೆ, ಆದರೆ ಅವನ್ನೆಲ್ಲ ಕಥೆ ಹೇಳುವವನ, ಅಂದರೆ ಮ್ಯಾಡೆಲಿನ್‌ಳ ಅಣ್ಣನ ಗೆಳೆಯನ ಬಾಯಲ್ಲಿ ಇಡುತ್ತಾರೆ. ಬಿರುಗಾಳಿಯ ರಾತ್ರಿ ಮನೆಯ ಸುತ್ತ ಬೆಳಕು ಕಂಡಾಗ, ಅದು ವಿದ್ಯುತ್ತು, ಇಲ್ಲವೇ ಕೊಳದ ಕೆಟ್ಟ ಆವಿ ಅನ್ನುವವನು ಅವನೇ. ಆಗ ಅವನೇ ಹೆದರಿ ನಿದ್ದೆಗೆಟ್ಟಿದ್ದಾನೆ. ಹಾಗಾಗಿ ಕಾರಣ ಏನು ಅನ್ನುವುದರ ಜೊತೆಗೆ, ಅದನ್ನು ಯಾರು, ಯಾವ ಹೊತ್ತಿನಲ್ಲಿ ಹೇಳಿದರು ಅಂತಲೂ ನೋಡಿ.

ಈಗ ಮ್ಯಾಡೆಲಿನ್‌ಳ ಅವಳಿ ಅಣ್ಣ ರೋಡರಿಕ್‌ನ ವಿಷಯ. ಅವನ ಕಾಯಿಲೆಯಿಂದ ಕಿವಿ ವಿಪರೀತ ಚುರುಕಾಗಿದೆ. ಕೆಲವು ತಂತಿವಾದ್ಯಗಳ ನಾದ ಬಿಟ್ಟರೆ ಬೇರೆ ಸದ್ದು ಸಹಿಸಲಾರ. ಪೆಟ್ಟಿಗೆಯೊಳಗೆ ತಂಗಿ ಮಿಸುಕಿದ್ದು ಎಷ್ಟೋ ದಿನದ ಹಿಂದೆಯೇ ಕೇಳಿತ್ತು, ಬಾಯಿ ಬಿಡುವ ಧೈರ್ಯ ಬರಲಿಲ್ಲ ಅಂತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಅವಳನ್ನು ದೆವ್ವ ಮಾಡಿಬಿಟ್ಟರೆ ಅವನ ತಪ್ಪು ಹಗುರವಾಗುತ್ತದೆ. ಬದುಕಿದ್ದಳು ಅಂದರೆ, ಕೇಳಿಸಿಕೊಂಡೂ ಸುಮ್ನೆ ಕೂತ ಅಣ್ಣ ಕಣ್ಣ ಮುಂದೆ ಬರುತ್ತಾನೆ. ನನಗೆ ಮೈ ಜುಮ್ಮೆನ್ನುವುದು ಅಲ್ಲೇ.

ಪೆಟ್ಟಿಗೆ ಮುಚ್ಚುವ ಪುಟಕ್ಕೆ ಇನ್ನೊಮ್ಮೆ ಹೋಗಿ. ಅವಳ ಮುಖದಲ್ಲಿ ತೆಳು ಕೆಂಪು ಇತ್ತು, ತುಟಿಯ ಮೇಲೆ ನಗು ಇತ್ತು ಅಂತ ಆ ಗೆಳೆಯನೇ ಹೇಳುತ್ತಾನೆ. ಆ ಕಾಯಿಲೆಯಲ್ಲಿ ಹಾಗಾಗುತ್ತದೆ ಅಂತ ತಾನೇ ಒಂದು ಕಾರಣ ಕೊಟ್ಟುಕೊಂಡು, ಇಬ್ಬರೂ ಸೇರಿ ಸ್ಕ್ರೂ ತಿರುಗಿಸುತ್ತಾರೆ.